ಎಲ್ಲಿಗೆ ಎಂದು ಕೇಳಬಾರದ ಬೀದಿ

ಚಾಮರಾಜನಗರದ ನಮ್ಮ ಬೀದಿಯಲ್ಲಿ ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಹೊರಟ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೇರೆ ಬೀದಿಗಳಲ್ಲಿ ಇದನ್ನು ಅರ್ಧ ನಂಬಿ ಅರ್ಧ ಮರೆತಿದ್ದಾರೆ. ನಮ್ಮಲ್ಲಿ ಮರೆಯುವುದಕ್ಕೆ ದೊಡ್ಡವ್ವ ಬಿಡುತ್ತಿರಲಿಲ್ಲ. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ ನಿಂತಲ್ಲೇ ನಿಂತು, ಕೇಳಿದವರ ಜನ್ಮ ಜಾಲಾಡಿ, ಬಂದ ದಾರಿಯಲ್ಲೇ ವಾಪಸಾಗುತ್ತಿದ್ದಳು. ಮನೆಗೆ ಹೋಗಿ ಕಾಲು ತೊಳೆದು, ಒಂದು ಗಳಿಗೆ ಕೂತು, ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡಬೇಕು. ಅದರಲ್ಲೂ ಆಕೆಯದೇ ಒಂದು ಕಟ್ಟುಪಾಡು. ಪಯಣಕ್ಕೆಂದು ಮುಂಬಾಗಿಲಿಗೆ ಹಾಕಿದ ಬೀಗವನ್ನು ಪಯಣ ಮುಗಿಯದೆ ತೆಗೆಯಬಾರದು. ಹಾಗಾಗಿ ಹಿಂದಿನ ಓಣಿಯಿಂದ ಹಿತ್ತಿಲಿಗೆ ಬಂದು, ಬಚ್ಚಲಲ್ಲಿ ಕಾಲು ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು, ಮತ್ತೆ ಓಣಿಯಿಂದಲೇ ಹೊರಡುತ್ತಿದ್ದಳು. ನಾನು ಇದನ್ನೆಲ್ಲ ನೋಡಿ ನಕ್ಕಿದ್ದೇನೆ. ಎದುರಿಗಲ್ಲ, ಅಷ್ಟು ಧೈರ್ಯ ನನಗೆಲ್ಲಿಂದ ಬರಬೇಕು.

ದೊಡ್ಡವ್ವ ನನಗೆ ನೆಂಟಳಲ್ಲ, ಎದುರು ಮನೆಯವಳು. ಇಡೀ ಬೀದಿ ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿ ಎಷ್ಟೋ ಕಾಲವಾಗಿದೆ, ಮಕ್ಕಳಿಲ್ಲ. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ದುಡಿದವಳು. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದು, ತನ್ನ ಪಿಂಚಣಿ, ತನ್ನ ಪೂಜೆ, ತನ್ನ ಜಗಳ ಎಂದು ಇದ್ದವಳು. ಒಬ್ಬಳೇ ಇದ್ದೀಯಲ್ಲ ದೊಡ್ಡವ್ವ, ಹೆದರಿಕೆ ಆಗೋದಿಲ್ವ ಎಂದರೆ ಸಿಟ್ಟು ಬರುತ್ತಿತ್ತು. “ಒಬ್ಳೇ ಇವ್ನಿ ಅಂತ ಯಾರ್ಲಾ ಯೋಳ್ದವ್ರು? ಎದೆ ಮ್ಯಾಲೆ ಶಿವ ಕೂತವ್ನೆ” ಎಂದು ಸೀರೆಯ ಸೆರಗಿನೊಳಗಿನ ಲಿಂಗವನ್ನು ಮುಟ್ಟಿ ತೋರಿಸುತ್ತಿದ್ದಳು. ನಾನೂ ಒಬ್ಬಳೇ ಇರುವವಳು. ಆದರೆ ಐವತ್ತರ ಹೆಂಗಸನ್ನು, ಅದರಲ್ಲೂ ಕೆಲಸಕ್ಕೆ ಹೋಗುವವಳನ್ನು, ಯಾರೂ ಹಾಗೆ ಕೇಳುವುದಿಲ್ಲ. ಇನ್ನೊಂದು ಹತ್ತು ವರ್ಷ ಹೋಗಲಿ, ಕೇಳುತ್ತಾರೆ.

ನಾನು ಗುಂಡ್ಲುಪೇಟೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ದಿನವೂ ಬೆಳಿಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸು. ದೊಡ್ಡವ್ವನ ತಂಗಿ ಇರುವುದೂ ಗುಂಡ್ಲುಪೇಟೆಯಲ್ಲೇ, ನನ್ನ ಕಚೇರಿಯ ಹಿಂದಿನ ರಸ್ತೆಯಲ್ಲಿ. ದೊಡ್ಡವ್ವ ಸೋಮವಾರ ಒಪ್ಪೊತ್ತು ಮಾಡುತ್ತಾಳೆ, ಅಂದರೆ ದಿನಕ್ಕೆ ಒಂದೇ ಊಟ. ಮನಸ್ಸು ಬಂದ ಸೋಮವಾರ ಆ ಒಂದು ಊಟವನ್ನು ತಂಗಿಯ ಮನೆಗೆ ಹೋಗಿ ಮಾಡುತ್ತಾಳೆ. ಬರುತ್ತೇನೆಂದು ಮುಂಚೆ ಹೇಳುವವರ ಪೈಕಿಯಲ್ಲ. ಆಕೆ ಬಂದ ದಿನ ನನಗೂ ಮಧ್ಯಾಹ್ನದ ಊಟ ಅಲ್ಲೇ, ರಾಗಿಮುದ್ದೆ, ಸೊಪ್ಪಿನ ಸಾರು, ಜೊತೆಗೆ ನನ್ನ ಮದುವೆಯಾಗದಿರುವ ಬಗ್ಗೆ ಅಕ್ಕತಂಗಿಯರ ಚರ್ಚೆ.

ಯುಗಾದಿ ಕಳೆದಿತ್ತು, ಬಿಸಿಲು ಬೆಳಿಗ್ಗೆಯೇ ಸುಡಲು ಶುರುಮಾಡಿತ್ತು. ಆ ಸೋಮವಾರ ನಾನು ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಎದುರಿಗೆ ದೊಡ್ಡವ್ವನೂ ಬೀಗ ಹಾಕುತ್ತಿದ್ದಳು. ಹಸಿರು ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ. ಬೀಗವನ್ನು ಜಗ್ಗಿ ಜಗ್ಗಿ ನೋಡಿದಳು. “ಹೊರಟ್ಯಾ ದೊಡ್ಡವ್ವ?” ಎಂದೆ. ಅಷ್ಟು ಕೇಳಬಹುದು, ಅದಕ್ಕೆ ದೋಷವಿಲ್ಲ.

“ಊಂ ಕಣಮ್ಮಿ. ನೀ ನಡಿ, ನಿನ್ ಬಸ್ಸು ಓಯ್ತದೆ. ನಾ ನಿಧಾನ್ಕೆ ಬತ್ತೀನಿ.”

ಸೋಮವಾರ, ಚೀಲ, ಹಸಿರು ಸೀರೆ. ಗುಂಡ್ಲುಪೇಟೆಗೇ ಇರಬೇಕು, ಮಧ್ಯಾಹ್ನ ಮುದ್ದೆ ಗ್ಯಾರಂಟಿ ಎಂದುಕೊಂಡು ನಾನು ಬಸ್ಸಿಗೆ ಓಡಿದೆ.

ಮಧ್ಯಾಹ್ನ ಊಟದ ಹೊತ್ತಿಗೆ ತಂಗಿಯ ಮನೆಗೆ ಹೋದರೆ ಆಕೆ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು. “ಅಕ್ಕ ಎಲ್ಲಿ?” ಎಂದೆ. “ಯಾವ ಅಕ್ಕ?” ಎಂದಳು. ಬೆಳಿಗ್ಗೆ ಹೊರಟಿದ್ದನ್ನು ನಾನೇ ನೋಡಿದೆ ಎಂದಾಗಲೂ ಆಕೆಗೆ ಗಾಬರಿಯಾಗಲಿಲ್ಲ. “ತೆರಕಣಾಂಬೀಲಿ ಇಳ್ದಿರ್ಬೇಕು ಬುಡು. ಅಲ್ಲಿ ನಮ್ ಚಿಕ್ಕಪ್ಪನ್ ಸೊಸೆ ಅವ್ಳೆ. ಬತ್ತಾಳೆ, ಉಣ್ಣು ಬಾ” ಎಂದು ತಟ್ಟೆ ತೆಗೆದಳು.

ಮುದ್ದೆ ಮುರಿಯುವಾಗ ನನಗೆ ಮಾತ್ರೆಯ ನೆನಪಾಯಿತು. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದು ಪೂಜೆ ಮುಗಿಸಿದ ಕೂಡಲೆ ಮಾತ್ರೆ ನುಂಗುತ್ತಾಳೆ, ಉಪವಾಸವಿದ್ದರೂ ನುಂಗುತ್ತಾಳೆ. ಮಾತ್ರೆ ಬೇರೆ, ವ್ರತ ಬೇರೆ ಎನ್ನುವುದು ಆಕೆಯ ವಾದ. ಶಿವರಾತ್ರಿಯ ಸುಮಾರಿಗೆ ಹೀಗೇ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಬಂದು, ಇದೇ ಮನೆಯ ಹೊಸ್ತಿಲಲ್ಲಿ ಬೆವರಿ, ಮೈ ತಣ್ಣಗಾಗಿ ಕುಸಿದಿದ್ದಳು. ಬಾಯಿಗೆ ಬೆಲ್ಲ ಇಟ್ಟ ಮೇಲೆ ಎದ್ದು ಕೂತಿದ್ದಳು. ಇನ್ನೊಮ್ಮೆ ಹೀಗೆ ಮಾಡಿದರೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಜೀವಕ್ಕೇ ಅಪಾಯ ಎಂದು ಡಾಕ್ಟರು ನನ್ನ ಎದುರಿಗೇ ಬೈದಿದ್ದರು.

“ಮಾತ್ರೆ ನುಂಗಿರ್ತಾಳೆ” ಎಂದೆ.

ತಂಗಿಯ ಕೈಯ ಸೌಟು ಸಾರಿನ ಪಾತ್ರೆಯೊಳಕ್ಕೆ ಬಿತ್ತು. ಹೊರಗೆ ನೆತ್ತಿಯ ಮೇಲಿನ ಬಿಸಿಲು. ಬೆಳಿಗ್ಗೆ ಹೊರಟ ಹೆಂಗಸು ಏನೂ ತಿಂದಿಲ್ಲ, ಎಲ್ಲಿದ್ದಾಳೋ ಗೊತ್ತಿಲ್ಲ. ಇಬ್ಬರಿಗೂ ಊಟ ಸೇರಲಿಲ್ಲ.

ಫೋನ್ ಮಾಡಿದೆ. ಸ್ವಿಚ್ ಆಫ್. ಅದರಿಂದ ಏನೂ ತಿಳಿಯುವಂತಿರಲಿಲ್ಲ, ಯಾಕೆಂದರೆ ದೊಡ್ಡವ್ವ ಬಸ್ಸು ಹತ್ತುವ ದಿನವೆಲ್ಲ ಫೋನು ಆಫ್ ಮಾಡಿಯೇ ಹೊರಡುವುದು. ಫೋನು ಕೂಗಿದರೆ ಅದು ಚೀಲದಲ್ಲಿದೆಯೆಂದು ಕಳ್ಳನಿಗೆ ಗೊತ್ತಾಗುತ್ತದಂತೆ. ಮತ್ತೆ ಯಾತಕ್ಕಾದರೂ ಇಟ್ಟುಕೊಂಡಿದ್ದಾಳೆ ಆ ಡಬ್ಬವನ್ನ ಎಂದು ನಾನು ಬೈದೆ. ಬೈದರೆ ಯಾರಿಗೆ ಕೇಳಿಸಬೇಕು.

ದೊಡ್ಡವ್ವನ ಪಕ್ಕದ ಮನೆಯಾಕೆಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಅಡುಗೆಮನೆಯಿಂದಲೇ ಮಾತಾಡುತ್ತಿದ್ದಳು, ಹಿಂದೆ ಕುಕ್ಕರು ಕೂಗುತ್ತಿತ್ತು.

“ದೊಡ್ಡವ್ವ ಬೀಗ ಹಾಕ್ಕಂಡು ಓದ್ರು ಕಣಕ್ಕ, ನನ್ ಕಣ್ಮುಂದೇನೆ.”

“ಎಲ್ಲಿಗೆ?”

“ಅಯ್ಯೋ, ನಾ ಹೆಂಗಕ್ಕ ಕೇಳನ? ಉಗ್ದು ಉಪ್ಪಾಕ್ಬುಡ್ತಾರೆ ಅಷ್ಟೇಯ.”

“ಈಗ ಹೋಗಿ ಬಾಗಿಲು ನೋಡ್ಕೊಂಡು ಬಾ. ಫೋನ್ ಇಡಬೇಡ.”

ಹೋದಳು, ಬಂದಳು. “ಬೀಗ ಹಂಗೇ ಅದೆ ಕಣಕ್ಕ. ಯಾರೂ ಇಲ್ಲ” ಎಂದು ಜೋರಾಗಿ ಹೇಳಿದಳು.

ಆಮೇಲೆ ನಾವು ಮಾಡಿದ್ದೆಲ್ಲ ಆ ಬೀಗವನ್ನು ನಂಬಿ ಮಾಡಿದ್ದು. ತಂಗಿ ಯಾರ್ಯಾರಿಗೋ ಫೋನ್ ಮಾಡಿದಳು. ಎಲ್ಲರಿಗೂ ಒಂದೊಂದು ಊಹೆ. ಒಬ್ಬರು, ಹರವೆಯಲ್ಲಿ ಯಾರದೋ ಗೃಹಪ್ರವೇಶವಿದೆ, ಅಲ್ಲಿಗೇ ಹೋಗಿರಬೇಕು ಎಂದರು. ಹರವೆಗೆ ಕೇಳಿದರೆ ಅಲ್ಲಿ ಗೃಹಪ್ರವೇಶವೂ ಇಲ್ಲ, ದೊಡ್ಡವ್ವನೂ ಇಲ್ಲ. ತಂಗಿಯ ಮಗ ಬಸ್‌ಸ್ಟ್ಯಾಂಡಿಗೆ ಓಡಿ ವಿಚಾರಿಸಿದ. ಹಸಿರು ಸೀರೆ ಉಟ್ಟು ವಿಭೂತಿ ಇಟ್ಟ ಮುದುಕಿಯೊಬ್ಬಳು ಕೇರಳದ ಕಡೆಯ ಬಸ್ಸು ಹತ್ತಿದಳು, ಮದ್ದೂರಿಗೆ ಟಿಕೆಟ್ ಕೇಳುತ್ತಿದ್ದಳು ಎಂದು ಹೂ ಮಾರುವವಳು ಹೇಳಿದಳಂತೆ. ಇದು ವಡೆಯ ಮದ್ದೂರಲ್ಲ, ಗಡಿಯ ಕಡೆಯ ಮದ್ದೂರು, ಸುತ್ತ ಕಾಡು. ಆ ಕಡೆ ನಮಗೆ ಯಾರೂ ಇಲ್ಲ. ತಲೆ ತಿರುಗಿ ಯಾವುದೋ ಬಸ್ಸು ಹತ್ತಿಬಿಟ್ಟಳೇನೋ ಎಂದು ತಂಗಿ ಅಳಲು ಶುರುಮಾಡಿದಳು. ಮಗ ಬೈಕು ತೆಗೆದುಕೊಂಡು ಮದ್ದೂರಿನ ಕಡೆ ಹೊರಟ. ನಾನು ಕಚೇರಿಗೆ ಅರ್ಧ ದಿನ ರಜೆ ಹೇಳಿ ತೆರಕಣಾಂಬಿಯ ಬಸ್ಸು ಹತ್ತಿದೆ.

ಅಷ್ಟು ನಿಧಾನದ ಬಸ್ಸನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ದಿನವೂ ಹೋಗುವ ಬಸ್ಸೇ. ಪ್ರತಿ ಸ್ಟಾಪಿನಲ್ಲೂ ಹುಣಿಸೆ ಮರದ ಕೆಳಗೆ, ಅಂಗಡಿಯ ಜಗುಲಿಯ ಮೇಲೆ, ಒಬ್ಬಳಲ್ಲ ಒಬ್ಬಳು ಮುದುಕಿ ಕೂತಿರುತ್ತಿದ್ದಳು. ಈ ರಸ್ತೆಯಲ್ಲಿ ಇಷ್ಟು ಮುದುಕಿಯರಿದ್ದಾರೆಂದು ನಾನು ಗಮನಿಸಿಯೇ ಇರಲಿಲ್ಲ. ಪ್ರತಿಯೊಬ್ಬರನ್ನೂ ಕಿಟಕಿಯಿಂದ ತಲೆ ಹಾಕಿ ನೋಡಿದೆ. ಒಬ್ಬಳು ನನ್ನನ್ನು ಗುರುತಿನವಳೆಂದುಕೊಂಡು ಕೈಯೆತ್ತಿದಳು, ನನಗೆ ಅಳು ಬಂತು.

ತೆರಕಣಾಂಬಿಯ ಮನೆಯವರು ದೊಡ್ಡವ್ವನನ್ನು ನೋಡಿ ತಿಂಗಳಾಗಿತ್ತು. ಬಸ್ಸು ನಿಲ್ಲುವಲ್ಲಿ ಎಳನೀರು ಮಾರುವವನು ಬೆಳಿಗ್ಗೆಯಿಂದ ಅಂಥವರು ಯಾರೂ ಇಳಿಯಲಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಅಲ್ಲೇ ನಿಂತಿರುವಾಗ ತಂಗಿಯ ಮಗನ ಫೋನು ಬಂತು. ಮದ್ದೂರಿನಲ್ಲಿ ಹಸಿರು ಸೀರೆಯ ಮುದುಕಿ ಸಿಕ್ಕಿದ್ದಳು.

“ನಮ್ ದೊಡ್ಡವ್ವ ಅಲ್ಲ ಕಣಕ್ಕ, ಬ್ಯಾರೆ ಯಾರೋ. ಎಲ್ಲಿಗಜ್ಜಿ ಓಯ್ತಿದ್ದೀಯ ಅಂದ್ನಾ, ಚೆನ್ನಾಗಿ ಉಗುದ್ಬುಟ್ಲು.”

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅದೂ ಸುಳ್ಳು, ಇದೂ ಸುಳ್ಳು. ಹಾಗಾದರೆ ಎಲ್ಲಿ? ಬೆಳಿಗ್ಗೆ ಹೊರಟಿದ್ದನ್ನು ಕಂಡವರು ನಾಲ್ಕಾರು ಮನೆಯವರು. ಒಬ್ಬರಿಗೂ ಗೊತ್ತಿಲ್ಲ. ಮರ್ಯಾದೆ ಮರ್ಯಾದೆ ಎಂದು ಒಂದು ಬೀದಿಯೇ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿತ್ತಲ್ಲ ಎಂದು ಮೈಯೆಲ್ಲ ಉರಿಯಿತು. ದೊಡ್ಡವ್ವನ ಮೇಲೂ ಕೋಪ ಬಂತು. ಸಿಕ್ಕಲಿ, ಇದೆ ಆಕೆಗೆ ಎಂದುಕೊಂಡೆ. ಮರುಕ್ಷಣ, ಸಿಕ್ಕರೆ ಸಾಕಪ್ಪ ಶಿವನೇ, ಎಷ್ಟು ಬೇಕಾದರೂ ಬೈಯಲಿ ಎಂದುಕೊಂಡೆ.

ತಂಗಿ ಪೊಲೀಸಿಗೆ ಹೇಳೋಣ ಎಂದಳು. ಮೊದಲು ಊರಿಗೆ ಹೋಗಿ, ಮನೆಯಿಂದ ಬಸ್‌ಸ್ಟ್ಯಾಂಡಿನವರೆಗಿನ ದಾರಿಯಲ್ಲಿ ವಿಚಾರಿಸಿ ಆಮೇಲೆ ಹೇಳುತ್ತೇನೆ ಎಂದು ಚಾಮರಾಜನಗರಕ್ಕೆ ಹೊರಟೆ. ಬಸ್ಸಿಳಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ರಸ್ತೆಯುದ್ದಕ್ಕೂ ಅಂಗಡಿಯವರನ್ನು ಕೇಳುತ್ತ ಬಂದೆ. ಮೆಡಿಕಲ್ ಸ್ಟೋರಿನವನು ನೋಡಿಲ್ಲ, ಹಣ್ಣಿನ ಗಾಡಿಯವನು ನೋಡಿಲ್ಲ, ಆಟೋದವರು ನೋಡಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಆಕೆಯನ್ನು ಕಂಡವರೇ ಇಲ್ಲ. ನಮ್ಮ ಬೀದಿ ಹತ್ತಿರವಾದಂತೆ ನನ್ನ ನಡಿಗೆ ಚುರುಕಾಗುವ ಬದಲು ನಿಧಾನವಾಯಿತು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಬೀದಿಯ ತುದಿಯಲ್ಲಿ ಒಂದು ಬೇಕರಿ ಇದೆ. ಕೇರಳದವನು, ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಅಂಗಡಿ ಮುಂದೆ ಹಾದವರನ್ನೆಲ್ಲ ಮಾತಾಡಿಸುವ ಮನುಷ್ಯ. ನಮ್ಮವರಿಗೆ ಅವನ ಬನ್ನು ಇಷ್ಟ, ಅವನ ಬಾಯಿ ಅಷ್ಟಕ್ಕಷ್ಟೆ.

“ಏನು ಚೇಚಿ, ಇವತ್ತು ಬೇಗ ಬಂದ್ರಿ?” ಎಂದ. ಅವನ ಭಾಷೆಯಲ್ಲಿ ಚೇಚಿ ಎಂದರೆ ಅಕ್ಕ.

“ದೊಡ್ಡವ್ವನ್ನ ನೋಡಿದ್ರಾ? ಬೆಳಿಗ್ಗೆ?”

“ನೋಡ್ದೆ ಚೇಚಿ. ಬ್ಯಾಗು ಹಿಡ್ಕೊಂಡು ಬಂದ್ರು. ನಾನು ಕೇಳ್ದೆ, ಅಜ್ಜಿ, ಎಲ್ಲಿಗೆ ಅಂತ. ಅಯ್ಯೋ, ಎಷ್ಟು ಬೈದ್ರು! ನಂಗೆ ಅರ್ಧ ಅರ್ಥ ಆಗ್ಲಿಲ್ಲ. ಬೈದ್ಬಿಟ್ಟು ಹಂಗೇ ತಿರುಗಿ ಹೋದ್ರು.”

“ಯಾವ ಕಡೆ ಹೋದ್ರು?”

“ಹಿಂದಿಕ್ಕೆ. ಆ ಓಣೀಲಿ.”

ಅವನಿಗೆ ಅದು ಒಬ್ಬ ಮುದುಕಿಯ ಸಿಟ್ಟು, ಅಷ್ಟೆ. ತಿರುಗಿ ಹೋಗುವುದೆಂದರೆ ಏನೆಂದು ಅವನಿಗೆ ಹೇಗೆ ಗೊತ್ತಾಗಬೇಕು. ನನಗೆ ಗೊತ್ತಿತ್ತು. ಕಾಲು ತೊಳೆಯಬೇಕು, ಕೂರಬೇಕು, ನೀರು ಕುಡಿಯಬೇಕು, ಹೊಸದಾಗಿ ಹೊರಡಬೇಕು. ಹೊಸದಾಗಿ ಹೊರಟಿದ್ದರೆ ಮತ್ತೆ ಇದೇ ಬೇಕರಿಯ ಮುಂದೆ ಹಾದು ಹೋಗಬೇಕಾಗಿತ್ತು. “ಮತ್ತೆ ಬಂದ್ರಾ?” ಎಂದು ಕಿರುಚಿದೆ. ಇಲ್ಲ ಎಂದು ತಲೆಯಾಡಿಸಿದ. ನಾನು ಓಡಿದೆ. ಏನೆಂದು ತಿಳಿಯದಿದ್ದರೂ ಅವನೂ ಅಂಗಡಿ ಬಿಟ್ಟು ನನ್ನ ಹಿಂದೆ ಓಡಿ ಬಂದ.

ಆ ಓಣಿಯಲ್ಲಿ ಈಗ ಯಾರೂ ಓಡಾಡುವುದಿಲ್ಲ. ಮುಂದಿನ ರಸ್ತೆಗೆ ಕಾಂಕ್ರೀಟು ಬಿದ್ದ ಮೇಲೆ ಹಿಂದೆ ಉಳಿದಿದ್ದು ಚರಂಡಿ ಮತ್ತು ಪಾರ್ಥೇನಿಯಂ ಗಿಡ. ದೊಡ್ಡವ್ವನ ಹಿತ್ತಿಲಿನ ತಗಡಿನ ಗೇಟು ಅರೆ ತೆರೆದಿತ್ತು. ಒಗೆಯುವ ಕಲ್ಲಿನ ಮೇಲೆ ಬಟ್ಟೆಯ ಚೀಲ. ಬಚ್ಚಲಿನ ಮುಂದೆ ಎರಡು ಚಪ್ಪಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ ಇದ್ದವು. ಬಚ್ಚಲಿನ ತಗಡಿನ ಬಾಗಿಲು ಮುಚ್ಚಿತ್ತು.

ತಳ್ಳಿದೆ. ಬೆರಳು ತೂರುವಷ್ಟು ಸರಿದು ನಿಂತಿತು. ಹಿಂದೆ ಭಾರವಾದದ್ದೇನೋ ಅಡ್ಡವಿತ್ತು, ಮೆತ್ತಗಿತ್ತು. ಕೆಳಗಿನ ಸಂದಿಯಿಂದ ಹಸಿರು ಸೀರೆಯ ಅಂಚು ಕಂಡಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯಾಕೆ ಹಿತ್ತಿಲ ಗೋಡೆಯ ಮೇಲೆ ಮುಖ ಹಾಕಿದಳು. ಮುಖ ನೋಡಿದರೆ ಅವಳಿಗೆ ಎಲ್ಲವೂ ಅರ್ಥವಾಗಿತ್ತು, ಸಕ್ಕರೆ ತರಲು ಒಳಗೆ ಓಡಿದಳು.

“ತಳ್ಳಬೇಡಿ ಚೇಚಿ, ಮೈಗೆ ತಾಗ್ತದೆ” ಎಂದು ಬೇಕರಿಯವನು ಗೋಡೆ ಹತ್ತಿದ. ಬಚ್ಚಲಿನ ಮೇಲಿನ ತಗಡು ಹಾರದಂತೆ ಕಲ್ಲು ಹೇರಿದ್ದರು. ಕಲ್ಲುಗಳನ್ನು ಒಂದೊಂದಾಗಿ ಓಣಿಗೆ ಎಸೆದು ತಗಡು ಎತ್ತಿದ. ಒಳಗಿನ ಕಾವು ಒಲೆಯ ಬಾಯಿ ತೆಗೆದಂತೆ ಮೇಲೆ ಬಂತು. ಇಳಿದ. ಏನಾಯ್ತು, ಏನಾಯ್ತು ಎಂದು ನಾನು ಬಾಗಿಲು ಬಡಿಯುತ್ತಿದ್ದೆ. ನನಗೆ ಆ ಹೊತ್ತಿನಲ್ಲಿ ತಂಗಿಗೆ ಏನೆಂದು ಹೇಳಲಿ ಎನ್ನುವುದೊಂದೇ ಯೋಚನೆ.

“ಉಸಿರು ಉಂಟು!” ಎಂದ.

ಆಕೆಯನ್ನು ಸರಿಸಿ ಬಾಗಿಲು ತೆಗೆದ. ತುಟಿ ಒಣಗಿ ಬಿರಿದಿತ್ತು, ಕಣ್ಣು ಅರೆ ತೆರೆದಿತ್ತು, ಎಡಗೈ ಸೊಟ್ಟಗೆ ಮಡಚಿಕೊಂಡಿತ್ತು. ಪಕ್ಕದ ಮನೆಯಾಕೆ ತಂದ ಸಕ್ಕರೆಯನ್ನು ಬೆರಳಿಗೆ ಹಚ್ಚಿಕೊಂಡು ದವಡೆಯ ಒಳಗೆ ಸವರಿದೆ. ಬೇಕರಿಯವನು ಮಗುವನ್ನು ಎತ್ತಿದಂತೆ ಎತ್ತಿಕೊಂಡು ಓಣಿಯಲ್ಲೇ ಓಡಿ ಆಟೋಗೆ ಹಾಕಿದ. ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿದರು. ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ಕಣ್ಣು ಬಿಟ್ಟು, ಮೊದಲು ಎದೆ ಮುಟ್ಟಿ ಲಿಂಗವಿದೆಯೇ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿ, “ಇವತ್ತು ಆಪೀಸು ಇಲ್ವೇನಮ್ಮಿ?” ಎಂದಳು. ಅಷ್ಟು ಹೊತ್ತು ಗಟ್ಟಿಯಾಗಿದ್ದ ನಾನು ಅಲ್ಲೇ ವಾರ್ಡಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ. ಕೈ ಮುರಿದಿತ್ತು, ಜೀವ ಉಳಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಕೇಳದೆ ಹೊರಗೆ ಬಂದೆ.

ಮುಗಿಯಿತಲ್ಲ ಎಂದುಕೊಂಡರೆ ನಮ್ಮ ಬೀದಿ ಸುಮ್ಮನಿರಬೇಕಲ್ಲ. ಎರಡು ದಿನದಲ್ಲಿ ತೀರ್ಪು ಹೊರಬಿತ್ತು. “ಆ ಬೇಕರಿಯವ್ನು ಎಲ್ಲಿಗೆ ಅಂತ ಕೇಳ್ದ, ಅದ್ಕೇ ಹಿಂಗಾಯ್ತು.” ಶಕುನಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೇಳಬಾರದ್ದನ್ನು ಕೇಳಿದ, ಆಕೆ ಬಿದ್ದಳು, ಕೈ ಮುರಿಯಿತು. ಕೆಲವರು ಬನ್ನು ತರಲು ಪಕ್ಕದ ರಸ್ತೆಗೆ ಹೋಗಲು ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ. ನಲ್ಲಿಯ ಹತ್ತಿರ ಎಲ್ಲರೂ ಸೇರಿದ್ದಾಗ ಬಾಯಿಗೆ ಬಂದಂತೆ ಅಂದುಬಿಟ್ಟೆ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದ್ದಕ್ಕೆ ಬಿದ್ದಳು, ಬೇಕರಿಯವನ ಬಾಯಿಗಲ್ಲ. ನಾವೆಲ್ಲ ಮರ್ಯಾದಸ್ಥರು, ಕಂಡೂ ಕೇಳಲಿಲ್ಲ. ಅವನೊಬ್ಬ ಕೇಳಿದ. ಅವನು ಕೇಳದೆ ಇದ್ದಿದ್ದರೆ ಆಕೆ ಎಲ್ಲಿ ಬಿದ್ದಿದ್ದಾಳೆಂದು ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

“ಅವ್ನು ಕೇಳ್ದೆ ಇದ್ದಿದ್ರೆ ಅವ್ಳು ತಿರ್ಗಾ ಬತ್ತಾನೇ ಇರ್ಲಿಲ್ವಲ್ಲ” ಎಂದರು ಒಬ್ಬರು.

“ಹೌದು, ಬಸ್ಸಲ್ಲಿ ಬೀಳ್ತಿದ್ಳು. ನಾಲ್ಕು ಜನರ ಮಧ್ಯೆ ಬೀಳ್ತಿದ್ಳು” ಎಂದೆ. ಯಾರೂ ಒಪ್ಪಲಿಲ್ಲ. ಕೊಡ ತುಂಬಿದವರು ತುಂಬಿದ ಹಾಗೆ ಹೊರಟರು.

ಅದನ್ನು ಸರಿಮಾಡಿದವಳು ದೊಡ್ಡವ್ವನೇ. ಆಸ್ಪತ್ರೆಯಿಂದ ಬಂದ ಮಾರನೆಯ ಬೆಳಿಗ್ಗೆ, ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, ಬೀದಿಯ ತುದಿಗೆ ಕೇಳಿಸುವಂತೆ ಕೂಗಿದಳು. “ಲೇ ಬೇಕರಿಯೋನೆ! ನಂಗೊಂದು ಬೆಣ್ಣೆ ಬನ್ನು ತತ್ತಾರ್ಲಾ!” ಸಕ್ಕರೆ ಕಾಯಿಲೆಯವಳಿಗೆ ಬೆಣ್ಣೆ ಬನ್ನು! ಅವನು ಹೆದರಿಕೊಂಡು ತಂದ. ಆಕೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನನ್ನ ಕೈಗೆ ತುರುಕಿದಳು. ಆಮೇಲೆ ಯಾರೂ ಪಕ್ಕದ ರಸ್ತೆಗೆ ಹೋಗಲಿಲ್ಲ. ಸೋಮವಾರದ ಒಪ್ಪೊತ್ತು ಬಿಡು ಎಂದು ಡಾಕ್ಟರು, ತಂಗಿ, ನಾನು, ಎಲ್ಲರೂ ಹೇಳಿದೆವು. ಬಿಡಲಿಲ್ಲ. ಊಟವನ್ನು ಬೆಳಿಗ್ಗೆಗೆ ತಂದುಕೊಂಡಳು. ಶಿವನಿಗೆ ಹೊತ್ತಿನ ಲೆಕ್ಕ ಇಲ್ಲ ಎಂದು ತಾನೇ ತೀರ್ಮಾನ ಮಾಡಿದಳು.

ಈಗ ನಾನು ಬಸ್ಸಿಗೆ ಹೋಗುವ ಮುಂಚೆ ಓಣಿಯ ಕಡೆಯಿಂದ ಒಂದು ಸುತ್ತು ಬರುತ್ತೇನೆ. ದೊಡ್ಡವ್ವನ ಹಿತ್ತಿಲು, ಅದರಾಚೆ ಒಬ್ಬರೇ ಇರುವ ಒಬ್ಬ ಮೇಷ್ಟರ ಹಿತ್ತಿಲು. ಕರಿಬೇವು ಬೇಕಿತ್ತು ಎನ್ನುತ್ತೇನೆ, ನಿನ್ನೆಯ ಪೇಪರು ಕೊಡಿ ಎನ್ನುತ್ತೇನೆ. ನೆಪ ಎಂದು ಅವರಿಗೂ ಗೊತ್ತು, ಇಷ್ಟು ಕರಿಬೇವು ಯಾರು ತಿನ್ನುತ್ತಾರೆ. ಮೇಷ್ಟರು ಒಂದೆರಡು ಸಲ ರೇಗಿದರು, ನಾನೇನು ಸತ್ತಿದ್ದೀನಾ ಅಂತ ನೋಡೋಕೆ ಬರ್ತೀಯಾ ಎಂದರು. ಹೌದು ಸಾರ್ ಎಂದೆ. ಅದಾದ ಮೇಲೆ ಅವರೇ ಗೇಟಿನ ಹತ್ತಿರ ಬಂದು ನಿಂತಿರುತ್ತಾರೆ. ಇದನ್ನು ಓದುವವರ ಬೀದಿಯಲ್ಲೂ ಇಂಥ ಒಂದು ಬಾಗಿಲು ಇದ್ದೇ ಇರುತ್ತದೆ. ದಯವಿಟ್ಟು ಹೋಗಿ ತಟ್ಟಿ. ಬೈದರೆ ಬೈಯಿಸಿಕೊಳ್ಳಿ. ಮುಂದೆ ಬೀಗವಿದ್ದರೆ ಹಿಂದೆ ಹೋಗಿ ನೋಡಿ.

ಒಂದು ಮಾತು ಮಾತ್ರ ನಾನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯವರು ಮೊನ್ನೆ ವರ್ಗವಾಗಿ ದೂರದ ಊರಿಗೆ ಹೋದರು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೈ ಕೂಡಿಕೊಳ್ಳುವವರೆಗೆ ದೊಡ್ಡವ್ವನಿಗೆ ತಲೆ ಬಾಚುವ ಕೆಲಸ ನನ್ನದಾಗಿತ್ತು. ಒಂದು ಭಾನುವಾರ ಎಣ್ಣೆ ಹಚ್ಚುವಾಗ ನಾನು ಕೇಳಿದೆ, ಅಷ್ಟು ಹೊತ್ತು ಒಳಗೆ ಬಿದ್ದಿದ್ದೆಯಲ್ಲ, ಏನಾದರೂ ಗೊತ್ತಾಗುತ್ತಿತ್ತಾ ಎಂದು.

“ಎಲ್ಲಾ ಕೇಳ್ತಿತ್ತು ಕಣಮ್ಮಿ. ಬಚ್ಚಲ್ ಗ್ವಾಡೆ ಆಚ್ಗೆ ಅವ್ರ ಅಡ್ಗೆಮನೆ ಅಲ್ವ. ನೀ ಪೋನ್ ಮಾಡ್ದಾಗ ಅವ್ಳು ‘ಬೀಗ ಹಂಗೇ ಅದೆ, ಯಾರೂ ಇಲ್ಲ’ ಅಂದ್ಲು. ಇಲ್ಲೇ ಇವ್ನಿ ಕಣವ್ವ ಅಂತ ಕೂಗ್ದಿ. ಕೂಗು ಗಂಟ್ಲಿಂದ ಆಚ್ಗೆ ಬರ್ಲಿಲ್ಲ. ಆಮೇಕೆ ಅವ್ಳು ಟೀವಿ ಆಕುದ್ಲು.”

ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಪಕ್ಕದ ಮನೆಯಾಕೆಗೆ ಇದನ್ನು ಹೇಳಲೇಬೇಕು, ಅವಳಿಗೂ ಗೊತ್ತಾಗಲಿ ಎಂದು ಎದ್ದೆ. ದೊಡ್ಡವ್ವ ಸರಿಯಿದ್ದ ಕೈಯಿಂದ ನನ್ನ ಸೀರೆ ಹಿಡಿದುಕೊಂಡಳು.

“ಯೋಳ್ಬ್ಯಾಡ ಕಣಮ್ಮಿ, ನನ್ನಾಣೆ. ಗೊತ್ತಾದ್ರೆ ಅವ್ಳು ಟೀವಿ ಆಕಾದ್ನೇ ಬುಟ್ಬುಡ್ತಾಳೆ. ಗ್ವಾಡೆ ಆಚ್ಗಡೆ ಸದ್ದು ಇಲ್ದಿದ್ರೆ ನಂಗೆ ನಿದ್ದೆ ಬರಾಕಿಲ್ಲ.”